ಸಾರಿಗೆ ಉಪ್ಪು ಹೆಚ್ಚಾದ ಶನಿವಾರ

ಹೋದ ವಾರ ಮೇಲ್ವಿಚಾರಕಿಯಾಗಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಧುಗಿರಿಯ ನಮ್ಮ ಮನೆಗೆ ಬಂದಿದ್ದಳು. ಹಾಸ್ಟೆಲ್ ತಪಾಸಣೆಗೆ ಹೋದರೆ ಮೊದಲು ಏನು ನೋಡಬೇಕು ಮೇಡಂ ಎಂದು ನೋಟ್‌ಬುಕ್ ಬಿಚ್ಚಿಕೊಂಡು ಕೂತಳು. ನಾನು ಹಾಜರಾತಿ ಪುಸ್ತಕ, ನೀರಿನ ತೊಟ್ಟಿ, ಶೌಚಾಲಯದ ಬಾಗಿಲು ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿ, ಕಾಫಿ ಕುಡಿಸಿ ಕಳಿಸಿದೆ. ಅವಳು ಎಲ್ಲವನ್ನೂ ಚೆಂದದ ಅಕ್ಷರದಲ್ಲಿ ಬರೆದುಕೊಂಡು ಹೋದಳು. ಗೇಟು ಹಾಕಿ ಒಳಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಮೂವತ್ತೆರಡು ವರ್ಷ ಕೆಲಸ ಮಾಡಿದವಳು ಹೇಳಬೇಕಾದ್ದು ಅದಲ್ಲ. ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಓದಿದರೆ ಸಂತೋಷ.

ನಾನು ಕೆಲಸ ಕಲಿತದ್ದು ಕೊರಟಗೆರೆಯಲ್ಲಿ. ಆಗ ನನ್ನ ಮೇಲಧಿಕಾರಿಯಾಗಿದ್ದವರನ್ನು ನಾವೆಲ್ಲ ದೊಡ್ಡಮೇಡಂ ಎನ್ನುತ್ತಿದ್ದೆವು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಿದ್ದರು, ಬೈದರೆ ಮಾತ್ರ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ತಪಾಸಣೆಗೆ ಹೋದವರು ಮಕ್ಕಳ ಊಟವನ್ನು ತಾವೂ ಉಂಡು, ಅದಕ್ಕೆಂದೇ ಇರುವ ಪುಸ್ತಕದಲ್ಲಿ ಅಭಿಪ್ರಾಯ ಬರೆಯಬೇಕು. ಒಂದು ಹಾಸ್ಟೆಲಿನಲ್ಲಿ ಸಾರು ಬರೀ ನೀರಾಗಿತ್ತು. ನಾನು ಹೊಸ ಹುಮ್ಮಸ್ಸಿನಲ್ಲಿ ಅಡುಗೆಯವಳನ್ನು ಎಲ್ಲರ ಮುಂದೆ ದಬಾಯಿಸಿದೆ. ದೊಡ್ಡಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಊಟ ಕೆಟ್ಟಿದ್ದರೆ ಅಡುಗೆಯವಳನ್ನು ಒಬ್ಬಳೇ ಒಳಗೆ ಕರಿ, ವಾರ್ಡನ್ನನ್ನು ಆಚೆ ನಿಲ್ಲಿಸು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೋ ಎಂದರು. ಹಾಗೇ ಮಾಡಿದೆ. ಬಾಗಿಲು ಮುಚ್ಚಿದ ಮೇಲೆ ಆ ಹೆಂಗಸು, ಬೇಳೆ ಎಣ್ಣೆ ಎಲ್ಲ ವಾರ್ಡನ್ ಮನೆಗೆ ಹೋಗುತ್ತದೆ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಹೇಳಿದಳು. ವಾರ್ಡನ್ ಬದಲಾದ. ಸಾರು ಗಟ್ಟಿಯಾಯಿತು.

ಅವತ್ತಿನಿಂದ ಅದು ನನ್ನ ಪದ್ಧತಿಯಾಯಿತು. ಊಟ ಕೆಟ್ಟರೆ ಆ ಮೇಡಮ್ಮ ಒಳಗೆ ಕರೆದು ಕೂರಿಸಿ ಕೇಳುತ್ತಾರೆ ಎಂದು ಅಡುಗೆಯವರ ಬಾಯಿಂದ ಬಾಯಿಗೆ ಮಾತು ಹೋಯಿತು. ಅಡುಗೆಯವರ ಸುದ್ದಿಗೆ ಅಂಚೆ ಬೇಕಿಲ್ಲ. ಒಬ್ಬರ ನಾದಿನಿ ಇನ್ನೊಂದು ಹಾಸ್ಟೆಲಿನಲ್ಲಿ ಇದ್ದೇ ಇರುತ್ತಾಳೆ. ಮಾತು ಎಲ್ಲಿಯವರೆಗೆ ಹೋಗಿತ್ತು ಎನ್ನುವುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಮುಂದೆ ಸಿರಾಕ್ಕೆ ವರ್ಗವಾಯಿತು. ಅಲ್ಲಿ ನಾನೇ ಆ ಪದ್ಧತಿಯನ್ನು ಕೆಡಿಸಿದೆ. ಒಂದು ದಿನ ಬಿಸಿಲಲ್ಲಿ ಎರಡು ಬಸ್ ತಪ್ಪಿಸಿಕೊಂಡು ಹಾಸ್ಟೆಲಿಗೆ ಹೋದರೆ ಅನ್ನ ಅರೆಬೆಂದಿತ್ತು. ಹೊಟ್ಟೆ ಹಸಿದಿತ್ತು, ತಲೆ ಸಿಡಿಯುತ್ತಿತ್ತು. ಯಾರನ್ನೂ ಕೇಳದೆ ಪುಸ್ತಕದಲ್ಲಿ ಅರ್ಧ ಪುಟ ಗೀಚಿ ಬಂದುಬಿಟ್ಟೆ. ಅಡುಗೆ ಮಾಡುತ್ತಿದ್ದ ಜೈಬುನ್ನಿಸಾ ಎಂಬ ವಿಧವೆಯನ್ನು ಅದೇ ವಾರ ತೆಗೆದುಹಾಕಿದರು. ಅವತ್ತು ಗ್ಯಾಸ್ ಮುಗಿದು, ಹಸಿ ಸೌದೆ ಊದಿ ಊದಿ ಅವಳ ಕಣ್ಣು ಬಾತಿದ್ದವಂತೆ. ಆರು ತಿಂಗಳ ಮೇಲೆ ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಬೈಯುತ್ತಾಳೆ ಎಂದು ನಾನು ಸಿದ್ಧವಾಗಿ ನಿಂತರೆ ಅವಳು, "ಖೈರಿಯತ್ತಾ ಮೇಡಂ? ತುಂಬಾ ಬಡವಾಗಿದೀರಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬಡವಾಗಿದ್ದವಳು ಅವಳು.

ಮನೆಗೆ ಬಂದು ಶಪಥ ಮಾಡಿದೆ, ಇನ್ನು ಮೇಲೆ ಯಾವ ಅಡುಗೆಯವಳ ಮೇಲೂ ಒಂದಕ್ಷರ ಕೆಟ್ಟದ್ದು ಬರೆಯುವುದಿಲ್ಲ ಎಂದು. ಬರೆಯಲಿಲ್ಲ. ಹುಳಿ ಹೆಚ್ಚಾಗಿದ್ದರೂ, ತಳ ಹತ್ತಿದ್ದರೂ, "ಊಟ ರುಚಿಕರವಾಗಿದೆ" ಎಂದೇ ಬರೆದು ಸಹಿ ಹಾಕುತ್ತಿದ್ದೆ. ಅದನ್ನು ನಾನು ದಯೆ ಎಂದುಕೊಂಡಿದ್ದೆ. ಅಡುಗೆಯವರನ್ನು ಒಳಗೆ ಕರೆದು ಮಾತಾಡುವುದು ಹಾಗೇ ನಿಂತುಹೋಯಿತು. ಊಟ ರುಚಿಯಾಗಿದ್ದ ಮೇಲೆ ಕರೆದು ಕೇಳುವುದೇನು?

ನಿವೃತ್ತಿಗೆ ಎರಡು ವರ್ಷ ಇರುವಾಗ ಮಧುಗಿರಿಗೆ ಬಂದೆ. ಕೊಡಿಗೇನಹಳ್ಳಿಯಿಂದಾಚೆ ಒಂದು ಹಳ್ಳಿಯಲ್ಲಿ ಟ್ರಸ್ಟಿನವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು. ಟ್ರಸ್ಟಿನ ಹೆಸರು ಬರೆಯುವುದಿಲ್ಲ, ಅದು ಈಗ ಇಲ್ಲ. ಅದರ ಉಸ್ತುವಾರಿ ನಾಗರಾಜು ಎಂಬಾತ. ಮಾತೆತ್ತಿದರೆ ಅಮ್ಮಾ ಎನ್ನುವವನು. ನಾನು ಬರುವುದನ್ನು ಹಿಂದಿನ ದಿನವೇ ಫೋನಿನಲ್ಲಿ ಹೇಳಬೇಕು, ಯಾಕೆಂದರೆ ಆ ಹಳ್ಳಿಗೆ ಸರಿಯಾದ ಬಸ್ಸಿಲ್ಲ. ಅವನು ಕೊಡಿಗೇನಹಳ್ಳಿ ಬಸ್‌ಸ್ಟಾಪಿಗೆ ಬೈಕ್ ತಂದು ಕಾದಿರುತ್ತಿದ್ದ. ಅವನ ಬೈಕಿನಲ್ಲೇ ಹೋಗಿ, ಅವನ ಜೊತೆಯಲ್ಲೇ ಕೋಣೆ ಕೋಣೆ ನೋಡಿ, ಅವನ ಬೈಕಿನಲ್ಲೇ ವಾಪಸ್ ಬರುವುದು. ಇಡೀ ಜಿಲ್ಲೆಯಲ್ಲಿ ನಾವೆಲ್ಲ ಹೀಗೇ ಮಾಡುತ್ತಿದ್ದೆವು. ಯಾರನ್ನು ತಪಾಸಣೆ ಮಾಡಬೇಕೋ ಅವನ ಬೆನ್ನಿಗೆ ಕೂತು ಹೋಗುವ ಇನ್‌ಸ್ಪೆಕ್ಷನ್ನು ನಮ್ಮದು.

ಅಲ್ಲಿ ಅಡುಗೆಯವಳು ಈರಕ್ಕ. ಕಳ್ಳಂಬೆಳ್ಳದ ಕಡೆಯ ಹಟ್ಟಿಯವಳು. ಅವಳ ತಮ್ಮ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ಅಲೆಯುವವನು, ಹೆಂಡತಿ ಇಲ್ಲ. ಅವನ ಮಗಳೂ ಅದೇ ಹಾಸ್ಟೆಲಿನಲ್ಲಿದ್ದಳು. ಈರಕ್ಕ ಮಾತು ಕಡಿಮೆ. ಊಟ ಬಡಿಸಿ ಬಾಗಿಲ ಹಿಂದೆ ನಿಲ್ಲುವಳು. ಎರಡು ಸಲವೋ ಏನೋ, "ಅಡುಗೆಮನೆ ನೋಡ್ಕಂಡು ಹೋಗ್ರಮ್ಮ" ಎಂದಿದ್ದಳು. ನಾಗರಾಜು ಅಷ್ಟರಲ್ಲಿ ಬೈಕ್ ಚಾಲೂ ಮಾಡಿರುತ್ತಿದ್ದ. ಬಸ್ಸಿನ ಹೊತ್ತಾಯಿತು ಈರಕ್ಕ, ಇನ್ನೊಂದು ಸಲ ನೋಡುತ್ತೇನೆ ಎಂದು ನಾನು ಹೊರಟುಬಿಡುತ್ತಿದ್ದೆ.

ಒಂದು ಶನಿವಾರ ಹೋಗಿದ್ದೆ. ನಾಗರಾಜುವಿಗೆ ಶನಿವಾರ ಒಪ್ಪತ್ತು, ಅವನು ಉಣ್ಣಲಿಲ್ಲ. ನನ್ನ ತಟ್ಟೆಗೆ ಬಡಿಸಿದ ಸಾರು ಬಾಯಿಗಿಟ್ಟರೆ ಅಬ್ಬಾ, ನಾಲಿಗೆ ಸೀಳುವಷ್ಟು ಉಪ್ಪು. ಬಾಗಿಲ ಕಡೆ ನೋಡಿದೆ. ಈರಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅಯ್ಯೋ ಪಾಪ, ಕೈ ತಪ್ಪಿದೆ, ಹೆದರಿದ್ದಾಳೆ ಎಂದುಕೊಂಡೆ. ಜೈಬುನ್ನಿಸಾ ನೆನಪಾದಳು. ಏನೂ ಆಗಿಲ್ಲದವಳಂತೆ ಅಷ್ಟನ್ನೂ ಉಂಡೆ. ಎರಡು ಲೋಟ ಮಜ್ಜಿಗೆ ಕುಡಿದೆ. ಪುಸ್ತಕ ತೆರೆದು "ಊಟ ರುಚಿಕರವಾಗಿದೆ, ಅಡುಗೆಯವರ ಕೆಲಸ ತೃಪ್ತಿಕರ" ಎಂದು ಬರೆದು, ಈರಕ್ಕನ ಕಡೆ ನಕ್ಕು, ಬೈಕ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಒಳ್ಳೆಯತನ ನನಗೇ ಹಿತವಾಗಿತ್ತು.

ಅದಾದ ಆರು ತಿಂಗಳ ಮೇಲೆ ಆ ಹಾಸ್ಟೆಲಿನ ಹುಡುಗಿಯೊಬ್ಬಳು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ಕುಸಿದುಬಿದ್ದಳು. ನೀರು ಚಿಮುಕಿಸಿ ಅಂಗಿ ಸರಿಮಾಡಲು ಹೋದ ಟೀಚರ್ ಅವಳ ಬೆನ್ನು ನೋಡಿ ಕೂಗಿಕೊಂಡರು. ನಾಗರಾಜು ಮಕ್ಕಳಿಗೆ ಬೆಲ್ಟಿನಲ್ಲಿ ಹೊಡೆಯುತ್ತಿದ್ದ. ತಿರುಗಿ ಮಾತಾಡಿದವರನ್ನು ದಿನಗಟ್ಟಲೆ ದಿನಸಿ ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ಆ ಕೋಣೆಯ ಮುಂದೆ ನಾನು ಎಷ್ಟು ಸಲ ನಡೆದಿದ್ದೆನೋ. ನಾನು ಹೋದಾಗ ಅದು ತೆರೆದಿರುತ್ತಿತ್ತು. ಒಳಗೆ ಅಕ್ಕಿ ಮೂಟೆ ಇರುತ್ತಿದ್ದವು.

ಪೊಲೀಸರು ಅವನನ್ನು ಎಳೆದೊಯ್ದರು. ಜನ ಅಲ್ಲಿಗೆ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಅವನ ಬಗ್ಗೆ ಎಲ್ಲರದೂ ಒಂದೇ ಮಾತು, ಅವನು ಮನುಷ್ಯನೇ ಅಲ್ಲ, ರಾಕ್ಷಸ ಎಂದು. ಅಷ್ಟು ಹೇಳಿದ ಮೇಲೆ ಅವನ ಬಗ್ಗೆ ಹೇಳಲು ಏನೂ ಉಳಿಯಲಿಲ್ಲ. ಎರಡನೇ ದಿನಕ್ಕೆ ಎಲ್ಲರೂ ಈರಕ್ಕನ ಹೆಸರು ಹಿಡಿದರು. ಅಲ್ಲೇ ಇದ್ದಳಲ್ಲ, ಅಡುಗೆಮನೆಗೂ ಆ ಕೋಣೆಗೂ ಒಂದೇ ಗೋಡೆ, ಕಿವಿ ಕಿವುಡಾಗಿತ್ತಾ ಎಂದು ಕೇಳಿದರು. ಹಾಲು ಹಾಕುವವನು, ಅಂಗಡಿಯವನು, ಪಂಚಾಯ್ತಿ ಮೆಂಬರು, ಎಲ್ಲರೂ. ಅವಳು ಬಾಡಿಗೆಗಿದ್ದ ಮನೆಯವರು ಪಾತ್ರೆಗಳನ್ನು ಬೀದಿಗಿಟ್ಟರು. ಮದುವೆ ಅಡುಗೆಗೆ ಮುಂಚೆಯೇ ಹೇಳಿದ್ದವರು ಬೇಡ ಎಂದು ಹೇಳಿಕಳಿಸಿದರು.

ಇಲಾಖೆಗೆ ವರದಿ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ತಪಾಸಣೆ ಮಾಡಿದವಳೇ ವರದಿ ಬರೆಯುವುದು ಸರಿಯೋ ಎಂದು ಯಾರೂ ಕೇಳಲಿಲ್ಲ. ಇದ್ದವಳು ನಾನೊಬ್ಬಳೇ. ನಮ್ಮ ಕಚೇರಿಯ ಸಾಹೇಬರು ಕೆಟ್ಟವರಲ್ಲ, ಗಡಿಬಿಡಿಯವರು. "ನೋಡಿ ಮೇಡಂ, ಜನ ಇನ್ನೊಂದು ಹೆಸರು ಕೇಳ್ತಿದಾರೆ. ಆ ಅಡುಗೆಯವಳಿಗೆ ಗೊತ್ತಿತ್ತು ಅಂತ ಒಂದು ಸಾಲು ಬರೆದುಬಿಡಿ, ಮುಗೀತು" ಎಂದರು. ಆ ಸಾಲು ಬಿದ್ದರೆ ಈರಕ್ಕನ ಮೇಲೆ ಕೇಸು ನಿಶ್ಚಯ. ಮತ್ತೆ ಎಲ್ಲೂ ಅವಳಿಗೆ ಅಡುಗೆಮನೆಯ ಬಾಗಿಲು ತೆರೆಯುವುದಿಲ್ಲ.

ಸತ್ಯ ಹೇಳುತ್ತೇನೆ, ನಾನು ಬರೆದೆ. ಕರಡಿನಲ್ಲಿ ಬರೆದೆ. "ಅಡುಗೆಯವರು ವಿಷಯ ತಿಳಿದಿದ್ದೂ ಮುಚ್ಚಿಟ್ಟಿರುತ್ತಾರೆ." ಬರೆದ ಮೇಲೆ ಎಷ್ಟೋ ದಿನದ ನಂತರ ಟೀ ರುಚಿಯೆನಿಸಿತು. ಆ ಟೀ ಲೋಟದ ಮುಂದೆ ಕೂತಾಗಲೇ ನನಗೆ ಒಂದು ಅನುಮಾನ ಬಂದದ್ದು. ಇಷ್ಟೊಂದು ನೆಮ್ಮದಿ ಯಾಕಪ್ಪ ಆಗುತ್ತಿದೆ ಎಂದು.

ಹಳ್ಳಿಯವರ, ಶಾಲೆಯವರ, ಹುಡುಗಿಯರ ಹೇಳಿಕೆಗಳನ್ನು ಆಗಲೇ ಪಡೆದಿದ್ದೆ, ಆಮೇಲೆ ಪಾವಗಡದ ಕಡೆ ಹೋದೆ. ಕುಸಿದುಬಿದ್ದ ಹುಡುಗಿಯ ಅಜ್ಜಿ ಅಲ್ಲಿಯವರು. ಈರಕ್ಕನ ಮೇಲೆ ಅತಿ ಹೆಚ್ಚು ಕೂಗಾಡಿದವರು ಅವರೇ. ಆಸ್ಪತ್ರೆಯ ಮುಂದೆ ಅವಳ ಕೂದಲು ಹಿಡಿದಿದ್ದರಂತೆ. ನನ್ನ ಮುಂದೆಯೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಹಳ ಹೊತ್ತು ಬೈದರು. ಬೈದು ಬೈದು ಸುಸ್ತಾಗಿ, ಕೊನೆಗೆ ಮೊಮ್ಮಗಳು ಹಬ್ಬಕ್ಕೆ ಬಂದಾಗಿನ ಮಾತು ತೆಗೆದರು. ವಾಪಸ್ ಹೋಗುವುದಿಲ್ಲ ಎಂದು ಹುಡುಗಿ ಬಸ್ಸಿನ ಕಂಬಿ ಹಿಡಿದು ಅತ್ತಳಂತೆ.

"ಬೆರಳು ಒಂದೊಂದೇ ಬಿಡಿಸಿದ್ನಮ್ಮ," ಎಂದರು ಅಜ್ಜಿ. "ಈ ಕೈಯಾಗೇ. ಓದು ಕಳ್ಳಿ ಅಂದ್ಕೊಂಡೆ. ನಾ ಬಂಗಾರು, ನನ್ ಬಂಗಾರ ಅದು, ನಾನೇ ಬಸ್ಸು ಹತ್ತಿಸ್ದೆ."

ಆಮೇಲೆ ಬೈಯಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

ವಾಪಸ್ ಬರುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಹಾಲು ಹಾಕುವವನು ಬೆಳಗ್ಗೆ ಆ ಕೋಣೆಯಿಂದ ಅಳು ಕೇಳಿದ್ದ, ಮಕ್ಕಳು ಅಳುತ್ತವೆ ಬಿಡು ಎಂದುಕೊಂಡಿದ್ದ. ಶಾಲೆಯ ಟೀಚರ್ ಹುಡುಗಿಯೊಬ್ಬಳು ಬೆಂಚಿಗೆ ಒರಗಿ ಕೂರುವುದಿಲ್ಲ ಎಂದು ಗಮನಿಸಿದ್ದರು, ನೇರವಾಗಿ ಕೂರುವ ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದರು. ಹೇಳಿಕೆ ತೆಗೆದುಕೊಳ್ಳುವಾಗ ಇವನ್ನೆಲ್ಲ ಅವರೇ ಹೇಳಿದ್ದು, ಹೇಳಿದ ಮರುಕ್ಷಣವೇ ಈರಕ್ಕನ ಮಾತೆತ್ತಿದ್ದರು. ಪ್ರತಿಯೊಬ್ಬರ ಹತ್ತಿರವೂ ಗೊತ್ತಿದ್ದದ್ದರ ಒಂದೊಂದು ಚೂರು ಇತ್ತು. ಅದು ಕೈಯಲ್ಲಿ ಚುಚ್ಚುತ್ತಿತ್ತು. ತಮಗಿಂತ ಹತ್ತಿರ ಇದ್ದವಳೊಬ್ಬಳು ಇದ್ದಳು ಎನ್ನುವುದೇ ಅವರಿಗೆ ಆಸರೆ. ಗೋಡೆಯಾಚೆ ಇದ್ದವಳದೇ ತಪ್ಪು ಎಂದಾದರೆ ಬೀದಿಯಲ್ಲಿದ್ದವನು ಮನೆಗೆ ಹೋಗಿ ಮಲಗಬಹುದು. ನನ್ನ ಟೀ ರುಚಿಯಾದದ್ದೂ ಅದಕ್ಕೇ. ಇವರಲ್ಲಿ ಯಾರೂ ದುಷ್ಟರಲ್ಲ. ಅದನ್ನು ಹೊಸ ಹುಡುಗಿ ತಿಳಿದಿರಬೇಕು. ದುಷ್ಟರಲ್ಲದವರೇ ಹೀಗೆ ಗಟ್ಟಿಯಾಗಿ ಕೂಗುವುದು, ಅವರಿಗೆ ನೋಯುತ್ತಿರುತ್ತದೆ.

ಕೊನೆಗೆ ಈರಕ್ಕನನ್ನು ಕರೆಸಿದೆ. ಕೊಡಿಗೇನಹಳ್ಳಿಯ ಒಂದು ಕಚೇರಿಯ ಹಿಂದಿನ ಕೋಣೆ. ಬಾಗಿಲು ಮುಚ್ಚಿ, ಎದುರಿಗೆ ಕೂರಿಸಿ, ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು ಎಂದಳು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ. ಬಾಯಿಬಿಟ್ಟರೆ ನಿನ್ನ ತಮ್ಮನ ಮಗಳನ್ನೂ ಆ ಕೋಣೆಗೆ ಹಾಕುತ್ತೇನೆ ಎಂದು ನಾಗರಾಜು ಹೇಳಿದ್ದನಂತೆ. ಬಾಗಿಲ ಕೆಳಗಿನ ಸಂದಿಯಿಂದ ರೊಟ್ಟಿ ತಳ್ಳುತ್ತಿದ್ದೆ, ಹೊರಗೆ ಬಂದ ಮಕ್ಕಳ ಬೆನ್ನಿಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದೆ ಎಂದಳು. ಹುಡುಗಿಯರೂ ಅದನ್ನೇ ಹೇಳಿದ್ದರು.

ಯಾರಿಗಾದರೂ ಹೇಳಬಾರದಿತ್ತೇ ಎಂದೆ. ನನ್ನ ದನಿ ಏರಿತ್ತು.

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆ ನೋಟ ನಾನು ಮುಂಚೆಯೇ ಎಲ್ಲೋ ನೋಡಿದ್ದೆ.

"ನಿಮ್ಗೇ ಹೇಳಕ್ಕೆ ನೋಡ್ದೆ ಕಣಮ್ಮ," ಎಂದಳು. "ಊಟ ಕೆಟ್ರೆ ನೀವು ಒಳಕ್ಕೆ ಕರ್ದು ಕೇಳ್ತೀರ ಅಂತ ಕೊರಟಗೆರೆ ನಮ್ ನಾದಿನಿ ಹೇಳಿದ್ಲು. ಅವ್ನು ಶನಿವಾರ ಸಾರು ಮುಟ್ಟಲ್ಲ. ನೀವು ಶನಿವಾರ ಬರೋವರ್ಗೂ ಕಾದೆ. ಮಕ್ಳ ಸಾರಿಗಲ್ಲ, ನಿಮ್ಮ ತಟ್ಟೆಗೆ ಎತ್ತಿಟ್ಟಿದ್ದಕ್ಕೆ ಒಂದು ಹಿಡಿ ಉಪ್ಪು ಹಾಕ್ದೆ."

ನಾನು ಪೆನ್ನು ಕೆಳಗಿಟ್ಟೆ.

"ಈಗ ಕರೀತಾರೆ, ಈಗ ಕರೀತಾರೆ ಅಂತ ನಿಂತಿದ್ದೆ. ನೀವು ಎಲ್ಲಾ ಉಂಡ್ಬುಟ್ರಿ. ಗಾಡಿ ಸದ್ದು ಕೇಳ್ತು. ನಂಗೆ ಓದಕ್ಕೆ ಬರಲ್ಲ. ಅವ್ನೇ ಬುಕ್ಕು ತಂದು ಓದಿ ಹೇಳ್ದ, ನೋಡೇ ನಿನ್ ಸಾರು ಸೊಗಸಾಗದಂತೆ ಅಂತ. ಮೇಡಮ್ನೋರೂ ಅವನ ಕಡೆಯೋರೇ ಅನ್ಕಂಡು ಸುಮ್ಕಾದೆ."

ಹಾಸ್ಟೆಲಿನಿಂದ ತರಿಸಿದ್ದ ಆ ಪುಸ್ತಕ ಎದುರಿನ ಮೇಜಿನ ಮೇಲೇ ಇತ್ತು. ಆ ಶನಿವಾರದ ಪುಟ ತೆರೆದೆ. ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ. ಕುಸಿದುಬಿದ್ದ ಹುಡುಗಿ ಹಾಸ್ಟೆಲಿಗೆ ಸೇರಿದ ದಿನವನ್ನು ಇನ್ನೊಂದು ಪುಸ್ತಕದಲ್ಲಿ ನೋಡಿದೆ. ಅವಳು ಬಂದದ್ದು ಆ ಶನಿವಾರದ ನಂತರ. ನಾನು ಆ ಸಾರು ಚೆನ್ನಾಗಿಲ್ಲ ಎಂದಿದ್ದರೆ ಆ ಮಗು ಆ ಬಾಗಿಲನ್ನೇ ನೋಡುತ್ತಿರಲಿಲ್ಲ. ಅವತ್ತು ಈರಕ್ಕನ ಮುಂದೆ ನಾನು ಅತ್ತೆ. ಅಧಿಕಾರಿಗಳು ಅಳಬಾರದು ಎನ್ನುವ ನಿಯಮ ಎಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದೂ ಹೋಗಲಿಲ್ಲ.

ಕರಡು ಹರಿದು ಹೊಸದಾಗಿ ಬರೆದೆ. ಈರಕ್ಕನಿಗೆ ಗೊತ್ತಿತ್ತು ಎಂದೇ ಬರೆದೆ, ಅದು ನಿಜ. ತಿಳಿಸಲು ಪ್ರಯತ್ನಿಸಿದ್ದಳು, ಯಾರಿಗೆ, ಹೇಗೆ, ಅವರು ಏನು ಮಾಡಿದರು ಎಂಬುದನ್ನೂ ಬರೆದೆ. ಅಲ್ಲಿ ನನ್ನ ಹೆಸರು, ಹುದ್ದೆ ಸಮೇತ. ಸಾಹೇಬರು ಕನ್ನಡಕ ತೆಗೆದು, "ನಿವೃತ್ತಿಗೆ ನಾಲ್ಕು ತಿಂಗಳಿದೆ, ನಿಮ್ಮ ತಲೆ ಮೇಲೆ ನೀವೇ ಯಾಕೆ ಕಲ್ಲು ಹಾಕ್ಕೊಳ್ತೀರಿ" ಎಂದರು. ಅಡುಗೆಯವಳ ತಲೆ ಮೇಲೆ ಹಾಕಲು ನನಗೆ ಕೈ ಬರಲಿಲ್ಲ ಸಾರ್ ಎಂದೆ. ಅವರು ಬಹಳ ಹೊತ್ತು ಫೈಲನ್ನು ಆ ಕಡೆ ಈ ಕಡೆ ತಿರುಗಿಸಿ, ಕೊನೆಗೆ ಮೇಲಕ್ಕೆ ಕಳಿಸಿದರು.

ಈರಕ್ಕನ ಮೇಲೆ ಕೇಸಾಗಲಿಲ್ಲ. ಅವಳ ಹೇಳಿಕೆ ನಾಗರಾಜುವಿನ ವಿರುದ್ಧದ ಸಾಕ್ಷಿಯಾಯಿತು. ನನಗೆ ನೋಟಿಸ್ ಬಂತು. ಬೀಳ್ಕೊಡುಗೆ, ಹಾರ, ಭಾಷಣ ಯಾವುದೂ ಇಲ್ಲದೆ ಒಂದು ಮಧ್ಯಾಹ್ನ ಕೊಡೆ ಹಿಡಿದುಕೊಂಡು ಮನೆಗೆ ಬಂದೆ. ವಿಚಾರಣೆ ಇನ್ನೂ ನಡೆದಿದೆ. ಸುದ್ದಿ ಹರಡಿದ ಮೇಲೆ ಊರಿನವರ ಬೆರಳು ನನ್ನ ಕಡೆ ತಿರುಗಿತು. ಸಂಜೆ ಜೊತೆಯಲ್ಲಿ ವಾಕಿಂಗ್ ಬರುತ್ತಿದ್ದ ಮೂವರಲ್ಲಿ ಇಬ್ಬರಿಗೆ ಒಟ್ಟಿಗೇ ಮಂಡಿನೋವು ಬಂತು. ಸೊಪ್ಪಿನವಳು ಒಂದು ದಿನ, "ಉಪ್ಪು ತಿಂದೋರು ನೀರು ಕುಡೀಲೇಬೇಕು ಬುಡ್ರಮ್ಮ" ಎಂದಳು. ಅವಳಿಗೆ ಗಾದೆ ಅದು, ನಾನು ನಿಜವಾಗಿಯೂ ತಿಂದಿದ್ದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಒಬ್ಬೊಬ್ಬರೂ ಯಾವ ಚೂರನ್ನು ಕೈಯಲ್ಲಿ ಹಿಡಿದಿದ್ದಾರೋ ನನಗೇನು ಗೊತ್ತು. ಆದರೆ ನನ್ನನ್ನು ಬೈಯುವ ಹಕ್ಕು ನಿಜವಾಗಿ ಇದ್ದ ಒಬ್ಬಳು ಬೈದಿರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು.

ಹೋದ ತಿಂಗಳು ಕಳ್ಳಂಬೆಳ್ಳಕ್ಕೆ ಬಸ್ ಹತ್ತಿದೆ. ಮುಂಚೆ ಫೋನ್ ಮಾಡಲಿಲ್ಲ. ಕೆರೆ ಏರಿಯ ಹತ್ತಿರ ಇಳಿದು ಕೇಳಿಕೊಂಡು ಹಟ್ಟಿಗೆ ನಡೆದೆ. ಈರಕ್ಕ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ತಮ್ಮನ ಮಗಳು ಜಗಲಿಯ ಮೇಲೆ ಗೋಡೆಗೆ ಬೆನ್ನು ಒರಗಿಸಿ ಓದುತ್ತಿತ್ತು. ಬೆನ್ನು ಒರಗಿಸಿ ಎನ್ನುವುದನ್ನು ನಾನು ನೋಡಿದೆ, ಈರಕ್ಕ ನಾನು ನೋಡಿದ್ದನ್ನು ನೋಡಿದಳು. ಬನ್ನಿ ಎಂದಳು, ಅಷ್ಟೇ. ಕಾಲಿಗೆ ನೀರು ಕೊಟ್ಟಳು. ಊರಿನ ಶಾಲೆಯಲ್ಲೇ ಈಗ ಅಡುಗೆ ಸಹಾಯಕ್ಕೆ ಕರೆಯುತ್ತಾರಂತೆ, ಕೆಲವರು ಇನ್ನೂ ಮಾತಾಡಿಕೊಳ್ಳುತ್ತಾರಂತೆ. ಕ್ಷಮಿಸು ಎಂಬ ಮಾತನ್ನು ನಾನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡು ಬಂದಿದ್ದೆ. ಅದನ್ನು ಹೇಳಲು ಅವಳು ಬಿಡಲಿಲ್ಲ. ಉಣ್ಣಿ ಎಂದು ತಟ್ಟೆ ಇಟ್ಟಳು.

ಬಿಸಿ ಮುದ್ದೆ, ಹುರುಳಿ ಸಾರು. ಮೊದಲ ತುತ್ತು ನುಂಗಿದೆ. ಸಾರಿಗೆ ಉಪ್ಪೇ ಇರಲಿಲ್ಲ. ಮರೆತಿದ್ದಳೋ, ಬೇಕೆಂದೇ ಬಿಟ್ಟಿದ್ದಳೋ ತಿಳಿಯಲಿಲ್ಲ. ಮನೆಗೆ ಬಂದ ನೆಂಟರು ಬಾಯಿ ಮುಚ್ಚಿಕೊಂಡು ಉಣ್ಣುವುದು ಮರ್ಯಾದೆ. ನನ್ನ ಬಾಯಿಯೂ ರೂಢಿಯಂತೆ, ಚೆನ್ನಾಗಿದೆ ಎನ್ನಲು ತಯಾರಾಗಿತ್ತು. ಈರಕ್ಕ ಒಲೆಯ ಪಕ್ಕ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಈರಕ್ಕ, ಸಾರು ಚೆನ್ನಾಗಿಲ್ಲ. ಉಪ್ಪಿಲ್ಲ," ಎಂದೆ.

ಅವಳು ಎದ್ದು ಉಪ್ಪಿನ ಭರಣಿ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಮಣೆ ಎಳೆದುಕೊಂಡು ಎದುರಿಗೇ ಕೂತಳು.

"ಇಷ್ಟೇ ಕಣಮ್ಮ," ಎಂದಳು, "ಅವತ್ತು ನಾನು ಕೇಳಿದ್ದು."